ತುಳಸಿಕಟ್ಟೆಯ ಸುತ್ತ ಎಂಟು

ನನ್ನ ಹೆಸರಿನಲ್ಲಿ ಈ ಭೂಮಿಯ ಮೇಲೆ ಇರುವುದು ಒಂದು ಸ್ಕೂಟರು. ಮನೆ ಯಜಮಾನರ ಹೆಸರಿನಲ್ಲಿತ್ತು, ಅವರು ಹೋದ ಮೇಲೆ ಮಗನ ಹೆಸರಿಗಾಯಿತು. ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೆಂದು ನನ್ನ ಫೋಟೋ ಇದೆ, ಆದರೆ ಆ ಅಕ್ಕಿ ಎಲ್ಲರದು. ಸ್ಕೂಟರು ಮಾತ್ರ ನನ್ನದು. ಅದನ್ನು ಬಿಡಲು ನನಗೆ ಬರುವುದಿಲ್ಲ, ಆದರೂ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಜಗಳಗಳೆಲ್ಲ ಹುಟ್ಟಿದ್ದು ಅದರಿಂದಲೇ.

ಮಗ ದುಬೈಯಿಂದ ರಜೆಯಲ್ಲಿ ಬಂದಿದ್ದಾಗ ತನ್ನ ಹೆಂಡತಿಗೆಂದು ತೆಗೆದ ಗಾಡಿ ಅದು. ಶೋರೂಮಿನಲ್ಲಿ ಹೆಸರು ಯಾರದ್ದು ಎಂದು ಕೇಳಿದಾಗ, "ಮನೆಗೆ ಮೊದಲ ಗಾಡಿ, ಅಮ್ಮನ ಹೆಸರಲ್ಲಿ ಇರ್ಲಿ, ಒಳ್ಳೇದಾಗ್ತದೆ" ಎಂದ. ನನಗೆ ಹಿಗ್ಗೋ ಹಿಗ್ಗು. ಮೂರನೇ ಕ್ಲಾಸು ಓದಿದವಳು ನಾನು, ಸಹಿ ಹಾಕಲು ಬರುತ್ತದೆ, ಹಾಕಿದೆ. ಸೊಸೆ ಸ್ವಲ್ಪ ದಿನ ಕಲಿತಳು. ಒಮ್ಮೆ ಇಲ್ಲೇ ನಮ್ಮ ಬಂದ್ಯೋಡಿನ ಹತ್ತಿರ ಸರ್ವಿಸ್ ರಸ್ತೆಯ ಚರಂಡಿಗೆ ಇಳಿಸಿ, ಮೊಣಕಾಲು ತರಚಿಕೊಂಡು ಬಂದಳು. ಆಮೇಲೆ ಆ ಗಾಡಿಯನ್ನು ಒರೆಸಲು ಕೂಡ ಮುಟ್ಟಲಿಲ್ಲ.

ಹಾಗೆ ಸ್ಕೂಟರು ಜಗಲಿಯ ಪಕ್ಕದಲ್ಲಿ ನಿಂತಿತು, ಬೀಗದ ಕೈ ಬಾಗಿಲ ಹತ್ತಿರದ ಮೊಳೆಯಲ್ಲಿ ತೂಗಿತು. ನಮ್ಮಲ್ಲಿ ಮೊಳೆಯಲ್ಲಿ ತೂಗುವ ಕೀ ಎಂದರೆ ಹಿತ್ತಿಲ ಕರಿಬೇವಿನ ಗಿಡದ ಹಾಗೆ. ಕೇಳಿ ಕೊಯ್ಯುವವರು ಕಡಿಮೆ. ಎಲ್ಲರಿಗಿಂತ ಹೆಚ್ಚು ಕೊಯ್ದದ್ದು ನನ್ನ ನಾದಿನಿಯ ಮೊಮ್ಮಗ. ನಾದಿನಿಯ ಮನೆ ನಮ್ಮ ಗೋಡೆಗೆ ತಾಗಿಯೇ ಇದೆ. ಹುಡುಗ ಆಗ ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸು. ಮೀನಿಗೆ ಅವನೇ, ಟ್ಯೂಷನಿಗೆ ಅವನೇ, ಕ್ರಿಕೆಟಿಗೂ ಅವನೇ. "ಅಜ್ಜೀ, ಈಗ ಬಂದೆ" ಎಂದು ಒಳಗೆ ಕೂಗುವಷ್ಟರಲ್ಲಿ ಗಾಡಿ ಗೇಟು ದಾಟಿರುತ್ತಿತ್ತು, ಹಿಂದೆ ಇಬ್ಬರು ಗೆಳೆಯರು ಬೇರೆ. ನಾನು ಸುಮ್ಮನೆ ನಗುತ್ತಿದ್ದೆ. ಮಕ್ಕಳು ಓಡಾಡುವ ಮನೆ ಒಳ್ಳೆಯದು ಎಂದೇ ನಂಬಿದವಳು ನಾನು.

ನಗು ನಿಂತದ್ದು ಇನ್ಶೂರೆನ್ಸಿನವನು ಬಂದ ದಿನ. ವರ್ಷಕ್ಕೊಮ್ಮೆ ಪಾಲಿಸಿ ಹೊಸತು ಮಾಡಲು ಬರುವ ಮನುಷ್ಯ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಅಷ್ಟರಲ್ಲಿ ನಮ್ಮ ಹುಡುಗ ಬಂದ, ಕೀ ತೆಗೆದ, ಹೋದ.

"ಯಾರು ಅಜ್ಜಿ ಅದು?"

"ನಾದಿನಿಯ ಮೊಮ್ಮಗ."

"ಲೈಸೆನ್ಸ್ ಉಂಟಾ?"

"ಹದಿನಾರಾಯ್ತಲ್ಲ. ಹದಿನಾರಕ್ಕೆ ಉಂಟಂತೆ, ಅವನೇ ಹೇಳಿದ."

ಅವನು ಲೋಟ ಕೆಳಗಿಟ್ಟ. "ಅದು ಐವತ್ತು ಸಿಸಿಯ ಗೇರಿಲ್ಲದ ಸಣ್ಣ ಗಾಡಿಗೆ ಅಜ್ಜಿ. ಅಂಥದ್ದು ಈಗ ಪೇಟೆಯಲ್ಲಿ ಎಲ್ಲಿ ಉಂಟು? ನಿಮ್ಮ ಈ ಗಾಡಿಗೆ ಹದಿನೆಂಟೇ ಆಗ್ಬೇಕು. ಅವನನ್ನು ಪೊಲೀಸರು ಹಿಡಿದ್ರೆ ಕೇಸು ಯಾರ ಮೇಲೆ ಗೊತ್ತುಂಟಾ?"

"ಅವನ ಮೇಲೆ."

"ಅಲ್ಲ, ನಿಮ್ಮ ಮೇಲೆ. ಆರ್‌ಸಿ ಯಾರ ಹೆಸರಲ್ಲಿ ಉಂಟೋ ಅವರ ಮೇಲೆ. ದಂಡ ಉಂಟು, ಜೈಲೂ ಆಗ್ಬಹುದು. ಸಿಕ್ಕಿಬಿದ್ದ ಹುಡುಗನಿಗೆ ಇಪ್ಪತ್ತೈದು ವರ್ಷ ಆಗುವವರೆಗೆ ಲೈಸೆನ್ಸೇ ಇಲ್ಲ. ಯಾರಿಗಾದ್ರೂ ಗುದ್ದಿದ್ರೆ ಇನ್ಶೂರೆನ್ಸ್ ಕಂಪೆನಿ ಅವರಿಗೆ ದುಡ್ಡು ಕೊಟ್ಟು, ಆಮೇಲೆ ನಿಮ್ಮ ಹತ್ರ ವಸೂಲಿಗೆ ಬರ್ತದೆ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟದ್ದು ನೀವಲ್ವಾ?"

"ನನಗೇ ಏನಾದ್ರೂ ಆದ್ರೆ?"

"ಮಾಲಕರಿಗೆ ಅಂತ ಒಂದು ವಿಮೆ ಉಂಟು. ಆದ್ರೆ ಲೈಸೆನ್ಸ್ ಇದ್ದ ಮಾಲಕರಿಗೆ ಮಾತ್ರ. ನಿಮಗೆ ಅದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ದಂಡಕ್ಕೆ ನಾನು ಮಾಲಕಿ, ಜೈಲಿಗೆ ನಾನು ಮಾಲಕಿ, ವಿಮೆಗೆ ಮಾತ್ರ ನಾನು ಯಾರೂ ಅಲ್ಲ! ಸರಿ, ಮಾಲಕಿ ಅಂದರೆ ಮಾಲಕಿಯ ಹಾಗೆಯೇ ಇರುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ. ಹುಡುಗ ಮೀನು ತಂದು, ಕೀಯನ್ನು ಮೊಳೆಗೆ ಸಿಕ್ಕಿಸಿ ಹೋದ ಮೇಲೆ, ಅದನ್ನು ತೆಗೆದು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮರುದಿನ ಹುಡುಗ ಮೊಳೆ ತಡಕಿದ. "ಅಜ್ಜೀ, ಕೀ ಎಲ್ಲುಂಟು?"

"ನನ್ನ ಹತ್ರ ಉಂಟು."

"ಕೊಡಿ."

"ಲೈಸೆನ್ಸ್ ತಾ, ಕೊಡ್ತೇನೆ."

ತಮಾಷೆಯೆಂದುಕೊಂಡು ನಕ್ಕ. ನಾನು ನಗಲಿಲ್ಲ. ಹೋಗಿ ತನ್ನ ಅಜ್ಜಿಯನ್ನು ಕರೆದುಕೊಂಡು ಬಂದ.

"ಎಂತ ಅತ್ತಿಗೆ," ಎಂದಳು ನಾದಿನಿ, "ಇಷ್ಟು ದಿನ ಇಲ್ಲದ ಕಾನೂನು ಇವತ್ತು ಎಲ್ಲಿಂದ ಬಂತು? ಊರಲ್ಲಿ ಯಾವ ಮಕ್ಕಳು ಬಿಡುವುದಿಲ್ಲ ಹೇಳಿ. ನಿಮ್ಮ ಮನೆಗೆ ಮೀನು ತಂದು ಕೊಡುವಾಗ ಲೈಸೆನ್ಸ್ ಕೇಳಿದ್ರಾ?"

"ಕೇಳ್ಲಿಲ್ಲ. ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು, ಕೇಳ್ತೇನೆ. ಮೀನಿಗೆ ನಾನೇ ನಡೆದು ಹೋಗ್ತೇನೆ."

"ನಿಮ್ಮ ಮೊಮ್ಮಗಳಿಗಾದ್ರೆ ಕೊಡ್ತಿದ್ರಿ."

ಅದೇ ಮಾತು ನನಗೆ ಬೇಕಿತ್ತು. ಮಗನ ಮಗಳು, ನನ್ನ ಪುಳ್ಳಿ, ಅವಳಿಗೂ ಆಗ ಹದಿನೆಂಟು ತುಂಬಿರಲಿಲ್ಲ. ಹುಡುಗನಿಗೆ ಕೀ ತಪ್ಪಿದ್ದು ತನಗೆ ಸಿಗಲಿಕ್ಕೆ ಎಂದು ಅವಳು ಒಳಗೊಳಗೇ ಕುಣಿಯುತ್ತಿದ್ದಳು. ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದದ್ದು ನನಗೆ ಗೊತ್ತಿತ್ತು. ಅವಳಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ: "ಅವಳಿಗೂ ಇಲ್ಲ. ದೇವರು ಬಂದು ಕೇಳಿದ್ರೂ ಲೈಸೆನ್ಸ್ ತೋರಿಸ್ಬೇಕು."

ಆಮೇಲೆ ಮೊಮ್ಮಗಳು ನನ್ನ ಹತ್ತಿರ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಅಮ್ಮನ ಮೂಲಕ ಉತ್ತರ. ಹೆದ್ದಾರಿ ಅಗಲ ಮಾಡಿದ ಮೇಲೆ ನಮ್ಮ ಬಸ್ ಸ್ಟಾಪು ದೂರ ಹೋಗಿತ್ತು. ಅವಳು ಬಿಸಿಲಲ್ಲಿ ನಡೆಯುವಾಗ ಅವಳ ಕ್ಲಾಸಿನವರೇ ಸ್ಕೂಟರಿನಲ್ಲಿ ಹಾರ್ನ್ ಹೊಡೆದು ಹೋಗುತ್ತಿದ್ದರು. ಒಂದು ಸಂಜೆ ಬ್ಯಾಗು ಎಸೆದು ಅತ್ತಳು.

"ಎಲ್ಲರೂ ನನ್ನನ್ನು ಕಾನೂನಜ್ಜಿಯ ಪುಳ್ಳಿ ಅಂತ ತಮಾಷೆ ಮಾಡ್ತಾರೆ."

"ಮಾಡ್ಲಿ," ಎಂದೆ. "ಅವರ ಅಜ್ಜಿಯಂದಿರಿಗೆ ಕಾನೂನು ಗೊತ್ತಿಲ್ಲ ಅಂತ ಹೇಳು."

ಹಾಗೆ ಹೇಳಿದೆನಾದರೂ ಬಿದ್ದ ಬ್ಯಾಗನ್ನು ಎತ್ತಿಟ್ಟು, ಅವಳಿಗೆ ಮಜ್ಜಿಗೆ ಕೊಟ್ಟೆ. ಆದರೆ ಸೆರಗಿನ ಗಂಟು ಬಿಚ್ಚಲಿಲ್ಲ. ಬೇಕಾದರೆ ಅದನ್ನು ಹಟ ಎನ್ನಿ. ಹಟವಿಲ್ಲದ ಹೆಂಗಸಿನ ಹೆಸರಿನಲ್ಲಿ ಗಾಡಿ ಇರಬಾರದು.

ಸುಮ್ಮನಿದ್ದಿದ್ದರೆ ಅವಳು ನಾದಿನಿಯಾಗುತ್ತಿರಲಿಲ್ಲ. ವಾಟ್ಸಾಪಿನಲ್ಲಿ ನನ್ನ ಮಗನಿಗೆ ಎಲ್ಲ ಹೇಳಿದಳು. ಅವನು ಫೋನು ಮಾಡಿದ.

"ಅಮ್ಮಾ, ಗಾಡಿ ನಿಂತೇ ಹಾಳಾಗ್ತದೆ. ಅತ್ತೆಯ ಮಗ, ಆ ಹುಡುಗನ ಅಪ್ಪ, ತನ್ನ ಹೆಸರಿಗೆ ಮಾಡ್ಕೊಳ್ತಾನಂತೆ. ಕೊಟ್ಟು ಬಿಡುವ."

"ನನ್ನ ಗಾಡಿ ನಾನು ಕೊಡುವುದಿಲ್ಲ. ನನ್ನ ಪುಳ್ಳಿಗೆ ಹದಿನೆಂಟು ತುಂಬ್ಲಿಕ್ಕೆ ಹೆಚ್ಚು ದಿನ ಇಲ್ಲ. ಮುಂದೆ ಅವಳಿಗೆ ಲ್ಯಾಬ್ ಕೋರ್ಸಿಗೆ ಕಾಸರಗೋಡಿಗೆ ಹೋಗ್ಲಿಕ್ಕುಂಟು."

"ಸರಿ. ಏಪ್ರಿಲಲ್ಲಿ ಬಿಸು ಹಬ್ಬಕ್ಕೆ ನಾನು ಬರ್ತೇನೆ. ಅಷ್ಟರಲ್ಲಿ ಅವಳ ಲೈಸೆನ್ಸ್ ಆದ್ರೆ ಗಾಡಿ ಅವಳಿಗೆ. ಆಗದಿದ್ರೆ ನೀವು ಸೈನ್ ಹಾಕ್ಬೇಕು ಅಮ್ಮಾ, ಗಾಡಿ ಅತ್ತೆಯ ಮನೆಗೆ."

ಒಪ್ಪಿದೆ. ನನ್ನ ಮಗ ಮಾತಿಗೆ ತಪ್ಪುವವನಲ್ಲ, ನಾನೂ ಅಲ್ಲ.

ಜನವರಿಯಲ್ಲಿ ಮೊಮ್ಮಗಳಿಗೆ ಹದಿನೆಂಟು ತುಂಬಿತು. ಮರುವಾರವೇ ಲರ್ನರ್ಸ್ ಪರೀಕ್ಷೆ. ಅದಕ್ಕೆ ಅವಳು ಕನ್ನಡವನ್ನೇ ಆರಿಸಿಕೊಂಡಳು. ಮನೆಯಲ್ಲಿ ಪ್ರಶ್ನೆಗಳನ್ನು ನನಗೆ ಓದಿ ಹೇಳುತ್ತಿದ್ದಳು. ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು. ಜೀಬ್ರಾ ಗೆರೆಯ ಮೇಲೆ ಜನ ದಾಟುವಾಗ ಏನು ಮಾಡಬೇಕು ಎಂದು ಕೇಳಿದಳು. "ನಿಲ್ಸಬೇಕು" ಎಂದೆ. "ಅಜ್ಜಿ ಪಾಸ್!" ಎಂದು ನನ್ನ ಕೆನ್ನೆ ಹಿಂಡಿದಳು. ಅವಳೂ ಪಾಸಾದಳು.

ಇನ್ನು ಉಳಿದದ್ದು ಎಂಟು. ಕೇರಳದಲ್ಲಿ ದ್ವಿಚಕ್ರಕ್ಕೆ ಲೈಸೆನ್ಸ್ ಬೇಕಾದರೆ ನೆಲದ ಮೇಲೆ ಕಂಬಿ ನೆಟ್ಟು ಮಾಡಿದ ಎಂಟರ ಆಕಾರದಲ್ಲಿ ಗಾಡಿ ಬಿಡಬೇಕು. ಕಂಬಿಗೆ ತಾಗಬಾರದು, ಕಾಲು ನೆಲಕ್ಕೆ ಊರಬಾರದು. ಡ್ರೈವಿಂಗ್ ಸ್ಕೂಲಿಗೆ ಸೇರಿಸುವ ಎಂದಳು ಸೊಸೆ. ಇಷ್ಟು ದೊಡ್ಡ ಅಂಗಳ ಇರುವಾಗ ಎಂತಕ್ಕೆ ಎಂದೆ ನಾನು. ನಮ್ಮ ಬೀದಿಯ ಕೊನೆಯಲ್ಲಿ ರಿಟೈರಾದ ಟೀಚರೊಬ್ಬರಿದ್ದಾರೆ, ಎಷ್ಟೋ ವರ್ಷದಿಂದ ಸ್ಕೂಟರ್ ಬಿಡುವವರು. ಅವರು ಹೇಳಿಕೊಡಲು ಒಪ್ಪಿದರು. ರಸ್ತೆಗೆ ಇಳಿಯುವಾಗಲೂ ಲೈಸೆನ್ಸ್ ಇರುವ ಅವರೇ ಹಿಂದೆ ಕೂರುತ್ತಿದ್ದರು.

ಅಂಗಳದ ಎಂಟನ್ನು ಮಾಡಿದ್ದು ನಾನು. ಕಂಬಿ ಎಲ್ಲಿಂದ ತರುವುದು? ಆಗಷ್ಟೇ ಮರದಿಂದ ಇಳಿಸಿದ ತೆಂಗಿನಕಾಯಿ ರಾಶಿಯಿತ್ತು. ಒಂದೊಂದಾಗಿ ಸಾಲಿಗೆ ಇಟ್ಟೆ. ಗಾಡಿ ತಾಗಿ ಯಾವ ಕಾಯಿ ಉರುಳುತ್ತದೋ ಅದನ್ನು ಅವಳೇ ಸುಲಿಯಬೇಕು ಎಂದು ಕಾನೂನು ಮಾಡಿದೆ. ಮೊದಮೊದಲು ನಮ್ಮ ಮನೆಯಲ್ಲಿ ಕಾಯಿ ಹಾಕದ ಪದಾರ್ಥವೇ ಇರಲಿಲ್ಲ. ಪಲ್ಯಕ್ಕೂ ಕಾಯಿ, ಸಾರಿಗೂ ಕಾಯಿ. ಸೊಸೆ, "ಅತ್ತೇ, ಇನ್ನು ಚಾಯಕ್ಕೂ ಹಾಕ್ಬೇಕಾ?" ಎಂದು ಕೇಳಿದಳು. ಹುಡುಗಿಯ ಅಂಗೈಯಲ್ಲಿ ಬೊಬ್ಬೆ ಬಂತು. ಆದರೆ ದಿನ ಹೋದಂತೆ ಪದಾರ್ಥ ತೆಳ್ಳಗಾಯಿತು. ಕೊನೆಗೆ ಕಾಯಿಯಿಲ್ಲದ ಒಗ್ಗರಣೆ ಸಾರು ಉಣ್ಣುವ ಹೊತ್ತಿಗೆ ನನಗೆ ಧೈರ್ಯ ಬಂತು.

ಗೋಡೆಯಾಚೆಯಿಂದ ನಾದಿನಿ ನೋಡುತ್ತಿದ್ದಳು. "ಅತ್ತಿಗೆ, ಎಣ್ಣೆ ಮಿಲ್ಲು ಹಾಕಿದ್ರಾ?"

"ಹೌದು ಮಾರಾಯ್ತಿ, ನಿನಗೂ ಒಂದು ಬಾಟ್ಲಿ ಕೊಡ್ತೇನೆ, ತಲೆ ತಣ್ಣಗಾಗ್ತದೆ."

ಮಾರ್ಚಿನಲ್ಲಿ ಪರೀಕ್ಷೆ. ಟೀಚರೂ ಮೊಮ್ಮಗಳೂ ಸ್ಕೂಟರಿನಲ್ಲಿ, ನಾನು ಬಸ್ಸಿನಲ್ಲಿ. ಮೈದಾನದಲ್ಲಿ ಸಾಲು ಸಾಲು ಮಕ್ಕಳು, ಮುಖವೆಲ್ಲ ಬೆವರು. ಇನ್‌ಸ್ಪೆಕ್ಟರು ಕೊಡೆಯ ಕೆಳಗೆ ಕೂತಿದ್ದರು. ನನ್ನ ಮೊಮ್ಮಗಳು ನೆಟ್ಟಗೆ ಒಳಗೆ ಹೋದಳು, ಹೋದವಳೇ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದಳು. ನೆಲದಲ್ಲಿ ಬಾಣ ಎಡಕ್ಕಿತ್ತು. ತಪ್ಪಾಯಿತೆಂದು ಗೊತ್ತಾಗಿ ಎಡಕ್ಕೆ ಎಳೆದಳು, ಗಾಡಿ ಓಲಾಡಿತು, ಕಾಲು ನೆಲಕ್ಕೆ ಬಂತು.

"ಕಾಲ್ ಕುತ್ತಿ," ಎಂದರು ಇನ್‌ಸ್ಪೆಕ್ಟರು ಮಲಯಾಳದಲ್ಲಿ, ತಲೆ ಎತ್ತದೆ. ಕಾಲು ಊರಿದಳು, ಮುಗಿಯಿತು. ಮುಂದಿನವನನ್ನು ಕರೆದರು.

ನಾನು ದಿಕ್ಕೆಟ್ಟು ನಿಂತೆ. ಅಷ್ಟು ಚೆನ್ನಾಗಿ ಬಿಡುತ್ತಿದ್ದವಳಿಗೆ ಏನಾಯಿತು? ಹೊಳೆದದ್ದು ಟೀಚರಿಗೆ. "ಅಜ್ಜಿ," ಎಂದರು ನಿಧಾನವಾಗಿ, "ನಿಮ್ಮ ಅಂಗಳದಲ್ಲಿ ಅವಳು ಮೊದಲ ಸುತ್ತು ಯಾವಾಗ್ಲೂ ಬಲಕ್ಕೇ ಅಲ್ವಾ?"

ಹೌದು. ನಮ್ಮ ಗೇಟಿನಿಂದ ಒಳಗೆ ಬಂದ ಕೂಡಲೇ ಸಿಗುವುದು ತುಳಸಿಕಟ್ಟೆ. ಎಂಟರ ಮೊದಲ ಸುತ್ತು ತುಳಸಿಯ ಸುತ್ತ, ಎರಡನೆಯದು ಅದರಾಚೆ. ಆಚೆ ತುದಿಯ ಬಾವಿಕಟ್ಟೆಯ ಕಡೆಯಿಂದ ಶುರು ಮಾಡಲು ಜಾಗವಿಲ್ಲ. ತುಳಸಿಗೆ ಸುತ್ತು ಬರುವುದು ಬಲಗಡೆಗೆ ಇಟ್ಟುಕೊಂಡೇ, ಅದು ಪ್ರದಕ್ಷಿಣೆ. ಇದನ್ನು ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಕಾಯಿ ಇಡುವಾಗ ಕೈ ತಾನಾಗಿ ಹಾಗೆ ಇಟ್ಟಿತು. ಹುಡುಗಿ ಒಮ್ಮೆ ಎಡದಿಂದ ಬಂದಾಗ "ಏಯ್, ಅಪ್ರದಕ್ಷಿಣೆ!" ಎಂದು ಬೈದದ್ದೂ ನಾನೇ. ಹಾಗಾಗಿ ಗಾಡಿ ಹೊರಟ ಕೂಡಲೇ ಬಲಕ್ಕೆ ವಾಲುವುದು ಅವಳ ಮೈಗೆ ಅಂಟಿಬಿಟ್ಟಿತ್ತು. ಸರಕಾರದ ಎಂಟರ ನಡುವೆ ತುಳಸಿ ಇಲ್ಲವಲ್ಲ!

ಮನೆಗೆ ಬರುವ ಮೊದಲೇ ಸುದ್ದಿ ಗೋಡೆ ಹಾರಿತ್ತು. "ಪಾಪ," ಎಂದಳು ನಾದಿನಿ, ಅವಳ ಪಾಪದಲ್ಲಿ ಪಾಯಸದ ರುಚಿಯಿತ್ತು. "ಹೋಗ್ಲಿ ಬಿಡಿ ಅತ್ತಿಗೆ. ಹೆಣ್ಣುಮಕ್ಕಳಿಗೆ ಬಸ್ಸು ಸಾಕು. ಬಿಸು ಬಂತಲ್ಲ."

ಮೊಮ್ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಿಸುವಿಗೆ ಮುಂಚೆ ಪರೀಕ್ಷೆಗೆ ಇನ್ನೊಂದೇ ಸ್ಲಾಟು ಸಿಗುವುದಿತ್ತು. ಅದೂ ಹೋದರೆ ನಾನು ಸಹಿ ಹಾಕಬೇಕು, ಅವಳು ಮತ್ತೆ ಹೆದ್ದಾರಿಯ ಬದಿಯಲ್ಲಿ ನಡೆಯಬೇಕು. ಅಭ್ಯಾಸಕ್ಕೆ ಬೇರೆ ಜಾಗ ನೋಡುವ ಎಂದರೆ, ಶಾಲೆಯ ಮೈದಾನದಲ್ಲಿ ಹೆದ್ದಾರಿ ಕೆಲಸದ ಜಲ್ಲಿ ರಾಶಿ. ನಾನು ಜಗಲಿಯಲ್ಲಿ ಕೂತು ತುಳಸಿಯನ್ನು ನೋಡಿದೆ. ಆಮೇಲೆ ಎದ್ದೆ, ಸೆರಗು ಸಿಕ್ಕಿಸಿದೆ, ತೆಂಗಿನಕಾಯಿಗಳನ್ನು ಸ್ವಲ್ಪ ಸ್ವಲ್ಪ ಸರಿಸಿ, ಮೊದಲ ಸುತ್ತು ಎಡಕ್ಕೆ ತಿರುಗುವ ಹಾಗೆ ಇಟ್ಟೆ.

"ಮಗಾ, ಬಾ ಹೊರಗೆ. ಗಾಡಿ ತೆಗಿ."

ಬಂದು ನೋಡಿದಳು. "ಅಜ್ಜೀ, ಇದು ಅಪ್ರದಕ್ಷಿಣೆ."

"ಹೌದು. ಹತ್ತು."

ಅವಳು ಒಂದು ಸುತ್ತು ಹಾಕಿದ್ದಳೋ ಇಲ್ಲವೋ, ನಾದಿನಿ ಗೋಡೆಯ ಹತ್ತಿರ ಬಂದು ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡಳು. "ಅಯ್ಯಯ್ಯೋ! ತುಳಸಿಗೆ ಎಡಸುತ್ತಾ! ಮನೆಗೆ ಒಳ್ಳೇದಾಗ್ಲಿಕ್ಕುಂಟಾ ಅತ್ತಿಗೆ? ಆ ಹುಡುಗಿಗೆ ಪಾಪ ಸುತ್ತಿಕೊಳ್ತದೆ, ಪಾಪ!"

ನನಗೆ ಎಲ್ಲಿಂದ ಬಂತೋ ಆ ಮಾತು. ಅಂಗಳದ ಮಧ್ಯೆ ನಿಂತು ಹೇಳಿದೆ: "ಅವಳಿಗೆ ಎಂತಕ್ಕೆ ಸುತ್ತಿಕೊಳ್ತದೆ? ಆರ್‌ಸಿ ನನ್ನ ಹೆಸರಲ್ಲಿ ಉಂಟು. ದಂಡ ನನಗಾದ್ರೆ, ಜೈಲು ನನಗಾದ್ರೆ, ಈ ಪಾಪವೂ ನನಗೇ. ದೇವರ ಆಫೀಸಲ್ಲಿ ಮಾತ್ರ ಬೇರೆ ಕಾನೂನು ಉಂಟಾ?"

ಮೊಮ್ಮಗಳು ನಗು ತಡೆಯಲಾರದೆ ಒಂದು ಕಾಯಿ ಉರುಳಿಸಿದಳು. ಅದನ್ನು ಸುಲಿಯಬೇಕಾಯಿತು, ಕಾನೂನು ಕಾನೂನೇ.

ಪ್ರತಿ ಬೆಳಿಗ್ಗೆ ನಾನು ತುಳಸಿಗೆ ನೀರು ಹಾಕಿ, ನನ್ನ ಕಾಲಲ್ಲಿ ಸರಿಯಾಗಿ ಪ್ರದಕ್ಷಿಣೆ ಬರುತ್ತಿದ್ದೆ. ಮಧ್ಯಾಹ್ನದ ಮೇಲೆ ಅವಳು ಚಕ್ರದಲ್ಲಿ ಎಡಸುತ್ತು. ತುಳಸಿಗೆ ಸಿಟ್ಟು ಬಂದ ಲಕ್ಷಣ ನನಗೆ ಕಾಣಲಿಲ್ಲ. ಗಿಡ ಹೂ ಕೂಡ ಬಿಟ್ಟಿತು.

ಎರಡನೇ ಸಲ ಮೈದಾನಕ್ಕೆ ಹೋದಾಗ ನಾನು ಬೇಲಿ ಹಿಡಿದು ನಿಂತಿದ್ದೆ. ಅದೇ ಇನ್‌ಸ್ಪೆಕ್ಟರು. ಅವಳು ಒಳಗೆ ಹೋದಳು. ಬಾಣ ಎಡಕ್ಕೆ, ಅವಳೂ ಎಡಕ್ಕೆ. ಮೊದಲ ಸುತ್ತು ಮುಗಿಯಿತು. ಎರಡು ಸುತ್ತು ಸೇರುವ ನಡುವಿನ ಕತ್ತರಿಯಲ್ಲಿ ಗಾಡಿ ಒಂದು ಚೂರು ನಿಧಾನವಾಯಿತು. ಬಲಕ್ಕೆ ತಿರುಗಿದಳು, ಆ ಸುತ್ತು ಅವಳಿಗೆ ಊಟದಷ್ಟು ಸುಲಭ. ಹೊರಗೆ ಬಂದಳು. ಕಾಲು ಊರಿಲ್ಲ, ಕಂಬಿ ಅಲ್ಲಾಡಿಲ್ಲ. ಅದಾದ ಮೇಲೆ ರಸ್ತೆಯಲ್ಲಿ ಒಂದು ಓಟ, ಅದೂ ಸರಿಯಾಯಿತು. ಪಾಸ್ ಎಂದರು ಇನ್‌ಸ್ಪೆಕ್ಟರು.

ನಾನು ಕೂಗಿದ ಕೂಗಿಗೆ ಸಾಲಿನಲ್ಲಿದ್ದ ಒಬ್ಬನ ಗಾಡಿ ಆಫ್ ಆಯಿತಂತೆ. ಬೇಲಿ ಸುತ್ತಿ ಬರಲು ತಾಳ್ಮೆ ಇರಲಿಲ್ಲ, ನಡುವೆಯೇ ನುಗ್ಗಿದೆ. ಅವಳನ್ನು ಹೆಲ್ಮೆಟಿನ ಸಮೇತ ಹಿಡಿದು ಮುತ್ತು ಕೊಟ್ಟೆ, ಹಲ್ಲಿಗೆ ಪ್ಲಾಸ್ಟಿಕ್ಕು ಸಿಕ್ಕಿತು. ಇನ್‌ಸ್ಪೆಕ್ಟರು ಆಗ ಮೊದಲ ಬಾರಿ ತಲೆ ಎತ್ತಿ ನೋಡಿದರು, ನೋಡಲಿ. ಗುರುತಿಲ್ಲದ ಮಕ್ಕಳಿಗೆಲ್ಲ "ನೀವೂ ಪಾಸಾಗ್ತೀರಿ, ಎಡಕ್ಕೆ ತಿರುಗಿ" ಎಂದು ಹರಸಿದೆ. ಮಗನಿಗೆ ಫೋನು ಹಚ್ಚಿ, ಅವನು ಹಲೋ ಎನ್ನುವ ಮೊದಲೇ, "ಸೈನು ಹಾಕುವುದಿಲ್ಲ ನಾನು!" ಎಂದು ಕಿರುಚಿದೆ. ಅವನಿಗೆ ಅರ್ಥವಾಯಿತು, ಅತ್ತ ಕಡೆಯಿಂದ ಅವನೂ ಕಿರುಚಿದ.

ಆ ಸಂತೋಷದಲ್ಲಿ ನನಗೊಂದು ಆಸೆ ಹುಟ್ಟಿತು. "ಟೀಚರೇ, ನೀವು ಬಸ್ಸಲ್ಲಿ ಬನ್ನಿ," ಎಂದೆ. "ನಾನು ಪುಳ್ಳಿಯ ಹಿಂದೆ ಕೂತು ಹೋಗ್ತೇನೆ. ನಾದಿನಿಯ ಗೇಟಿನ ಎದುರಿನಿಂದಲೇ ಹೋಗುವ ಮಗಾ, ಹಾರ್ನ್ ಹೊಡಿ."

ಟೀಚರ್ ನಕ್ಕು ಹೆಲ್ಮೆಟ್ ತೆಗೆದು ಕೊಟ್ಟರು. ಮೊಮ್ಮಗಳು ಅದನ್ನು ಅವರಿಗೇ ತಿರುಗಿ ಕೊಟ್ಟಳು.

"ಆಗುವುದಿಲ್ಲ ಅಜ್ಜಿ."

"ಎಂತ ಆಗುವುದಿಲ್ಲ? ಪಾಸಾಯ್ತಲ್ಲ!"

"ಪಾಸಾಯ್ತು, ಲೈಸೆನ್ಸ್ ಬರ್ಲಿಲ್ಲ. ಬರುವವರೆಗೆ ನಾನು ಲರ್ನರೇ. ಹಿಂದೆ ಲೈಸೆನ್ಸ್ ಇದ್ದವರೇ ಕೂರ್ಬೇಕು. ನಿಮಗೆ ಉಂಟಾ?"

"ಇವತ್ತೊಂದು ದಿನ ಮಗಾ. ಯಾರು ನೋಡ್ತಾರೆ?"

ಅಂದೆ. ನಾನೇ ಅಂದೆ, ನನ್ನ ಬಾಯಿಂದಲೇ ಬಂತು. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಂತಾದ್ರೂ ಆದ್ರೆ ಕೇಸು ಯಾರ ಮೇಲೆ? ನನ್ನ ಅಜ್ಜಿಯ ಮೇಲೆ. ನನ್ನ ಅಜ್ಜಿಯನ್ನು ನಾನು ಜೈಲಿಗೆ ಕಳಿಸುವುದಿಲ್ಲ. ಹೋಗಿ, ಬಸ್ಸು ಬಂತು."

ಟೀಚರನ್ನು ಹಿಂದೆ ಕೂರಿಸಿಕೊಂಡು, ಕನ್ನಡಿ ಸರಿಮಾಡಿ, ಕೈ ತೋರಿಸಿ, ಎಡಬಲ ನೋಡಿ ಹೊರಟೇಬಿಟ್ಟಳು. ಹಿಂತಿರುಗಿ ಕೂಡ ನೋಡಲಿಲ್ಲ.

ನಾನು ಬಸ್ಸು ಹತ್ತಿದೆ. ಕಿಟಕಿಯ ಹತ್ತಿರ ಸೀಟು ಸಿಕ್ಕಿತು, ಕೂರಲು ಮನಸ್ಸಾಗಲಿಲ್ಲ, ಕಂಬಿ ಹಿಡಿದು ನಿಂತೇ ಇದ್ದೆ. ಕಂಡಕ್ಟರ್ ಹತ್ತಿರ ಬಂದ. "ಎಲ್ಲಿಗೆ ಅಜ್ಜಿ?"

"ಬಂದ್ಯೋಡಿಗೆ. ನನ್ನ ಪುಳ್ಳಿ ಎಂಟು ಹಾಕಿ ಪಾಸಾದಳು!"

"ಹೌದಾ? ಮತ್ತೆ ನೀವು ಬಸ್ಸಲ್ಲಿ ಎಂತಕ್ಕೆ, ಅವಳ ಗಾಡಿಯಲ್ಲೇ ಹೋಗ್ಬಹುದಿತ್ತಲ್ಲ?"

ಅವನಿಗೆ ಮಾತ್ರ ಹೇಳಿದರೆ ಸಾಲದು ಅನಿಸಿತು. ಬಸ್ಸಿನ ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಲೈಸೆನ್ಸ್ ಕೈಗೆ ಬರ್ಲಿಲ್ಲ ಮಾರಾಯ. ನಾನು ಕೇಳಿದೆ, ಅವಳು ಕೂರಿಸ್ಲಿಲ್ಲ!"